ಸೂಟ್‌ಕೇಸಿನ ಹೊಟ್ಟೆನೋವು

"ಗುನ್ವೊರ್, ನೀನು ಸೂಟ್‌ಕೇಸ್. ಸೂಟ್‌ಕೇಸ್ ಮಾತಾಡಲ್ಲ. ಬಿದ್ಕೋ," ಎಂದಳು ಟಿಲ್ಡಾ.

ಬಿದ್ದುಕೊಂಡೆ. ನಿವೃತ್ತಿಯ ಅಂಚಿನಲ್ಲಿರುವ, ಮಂಡಿನೋವಿನ, ದಪ್ಪ ಹೆಂಗಸು ನಾನು. ಏನು ಮಾಡಲಿ, ಆಟವಾಡಿಸಿ ಮಕ್ಕಳ ಮನಸ್ಸು ಹಗುರ ಮಾಡುವ ನನ್ನ ಕಸುಬಿಗೆ ಇರುವುದೇ ಒಂದು ಕಾನೂನು: ಈ ಕೋಣೆಯೊಳಗೆ ಮಗುವೇ ಮಹಾರಾಣಿ. ಹೋದ ಸಲ ನನ್ನನ್ನು ಸೂಪಿನ ಪಾತ್ರೆ ಮಾಡಿ ತಲೆಯ ಮೇಲೆ ಸೌಟು ಆಡಿಸಿದ್ದಳು. ಅದಕ್ಕಿಂತ ಇದು ವಾಸಿ.

ಟಿಲ್ಡಾಗೆ ಆರು ವರ್ಷ. ಅಪ್ಪ ಅಮ್ಮ ಬೇರೆಯಾಗಿದ್ದಾರೆ. ಒಂದು ವಾರ ಅಮ್ಮ ಅನೆಲಿಯ ಮನೆ, ಮುಂದಿನ ವಾರ ಅಪ್ಪ ಯೋರ್ಗನ್ ಮನೆ. ಸ್ವೀಡನ್ನಿನ ಈ ನಮ್ಮ ಗೇವ್ಲೆ ಊರಿನಲ್ಲಿ ಎಷ್ಟೋ ಮಕ್ಕಳು ಹೀಗೆ ಬ್ಯಾಗು ಹೊತ್ತು ಓಡಾಡುತ್ತವೆ, ಗುಂಡುಕಲ್ಲಿನಂತೆ ಇರುತ್ತವೆ. ಇವಳಿಗೆ ಮಾತ್ರ ಮನೆ ಬದಲಿಸುವ ಶುಕ್ರವಾರ ಬಂದರೆ ಹೊಟ್ಟೆನೋವು, ತುತ್ತು ಇಳಿಯದು. ಡಾಕ್ಟರುಗಳು ಒತ್ತಿ, ತಟ್ಟಿ, ಏನೂ ಇಲ್ಲವೆಂದು ನನ್ನತ್ತ ಸಾಗಹಾಕಿದ್ದರು. ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯ್ತು ಅನ್ನೋಣವೆಂದರೆ ಇವರಿಬ್ಬರೂ ಜಗಳವನ್ನೇ ಆಡುವುದಿಲ್ಲ. ಎದುರಾದರೆ ಹಲ್ಲು ಕಾಣದಂತೆ ಅಳೆದು ನಗುತ್ತಾರೆ. ಆ ನಗು ಕಂಡರೆ ನನಗೆ ಮೈ ಉರಿಯುತ್ತದೆ.

ಇವತ್ತೂ ಶುಕ್ರವಾರವೇ. ಟಿಲ್ಡಾ ನನ್ನ ಸ್ವೆಟರಿನೊಳಗೆ ಆಟದ ಸಾಮಾನು ತುರುಕತೊಡಗಿದಳು.

"ಈ ಮೊಸಳೆ, ಅಮ್ಮ ಅಪ್ಪನ ಸ್ಕೀ ಮಾರಿದ್ದು. ಅಪ್ಪಂಗೆ ಹೇಳ್ಬಾರ್ದು. ಈ ಸೌಟು, ಅಪ್ಪನ ಮನೇಲಿ ನನ್ನ ಹ್ಯಾಮ್‌ಸ್ಟರ್ ಇಲಿ ಸತ್ತೋಗಿದ್ದು. ಅಪ್ಪ ಅದೇ ಬಣ್ಣದ್ದು ಬೇರೆ ತಂದ. ಅಮ್ಮಂಗೆ ಹೇಳ್ಬಾರ್ದು."

ಆಮೇಲೆ ಟೀ ಪಾತ್ರೆ, ಡೈನೋಸಾರ್. ಒಂದೊಂದಕ್ಕೂ ಒಂದು ಗುಟ್ಟು. ಡೈನೋಸಾರಿನ ಬಾಲ ನನಗೆ ಎಲ್ಲೆಲ್ಲಿ ಚುಚ್ಚಿತೆಂದು ಹೇಳಲಾರೆ. ನಗು ಬರುತ್ತಿತ್ತು. ಆದರೆ ಇಷ್ಟನ್ನೂ ಆ ಪುಟ್ಟ ಹೊಟ್ಟೆ ವಾರವಾರ ಹೊತ್ತು ತಿರುಗುತ್ತಿತ್ತಲ್ಲ!

ಎಳೆದು ನೋಡಿದಳು. ನಾನು ಅಲ್ಲಾಡಲಿಲ್ಲ. "ಅಮ್ಮ ಅಪ್ಪ ಬಂದು ಎತ್ಲಿ."

"ಒಳಗೆ ಗುಟ್ಟಿದೆಯಲ್ಲೇ, ಪರವಾಗಿಲ್ವಾ?" ಎಂದು ಪಿಸುಗುಟ್ಟಿದೆ.

"ಸೂಟ್‌ಕೇಸ್ ಮಾತಾಡಲ್ಲ ಅಂದ್ನಲ್ಲ!" ಎಂದು ಗದರಿ, ಹೊಟ್ಟೆ ಹಿಡಿದುಕೊಂಡು, ಹೊರಗೆ ಕಾಯುತ್ತಿದ್ದ ಅಪ್ಪ ಅಮ್ಮನನ್ನು ಅವಳೇ ಹೋಗಿ ಕರೆತಂದಳು.

ಇಬ್ಬರೂ ಬೂಟು ಬಿಟ್ಟು ಬಂದರು. ಯೋರ್ಗನ್‌ನ ಕಾಲುಚೀಲದಿಂದ ಹೆಬ್ಬೆರಳು ಇಣುಕುತ್ತಿತ್ತು.

"ಅಯ್ಯೋ, ಆಂಬುಲೆನ್ಸ್ ಕರೀಲಾ?" ಎಂದ, ನೆಲದ ಮೇಲಿದ್ದ ನನ್ನನ್ನು ಕಂಡು.

"ಅವಳು ಸೂಟ್‌ಕೇಸ್. ಅಪ್ಪ ಕೈ ಹಿಡ್ಕೋ, ಅಮ್ಮ ಕಾಲು. ಕಿಟಕಿ ಹತ್ರ ಅಪ್ಪನ ಮನೆ, ಬಾಗಿಲ ಹತ್ರ ಅಮ್ಮನ ಮನೆ. ಹೂಂ, ಎಳೀರಿ!"

"ನೀನೇ ಮೊದ್ಲು ಎಳಿ," ಎಂದ ಯೋರ್ಗನ್.

"ಛೆ ಛೆ, ನೀನೇ," ಎಂದಳು ಅನೆಲಿ.

ಕೊನೆಗೆ ಇಬ್ಬರೂ ಒಟ್ಟಿಗೇ ಎಳೆದರು. ಸ್ವೆಟರು ಮೇಲೆದ್ದು ಮೊಸಳೆ, ಸೌಟು, ಟೀ ಪಾತ್ರೆ ದಡಬಡ ಉರುಳಿದವು.

"ಇದೇನಿದು?" ಯೋರ್ಗನ್ ಮೊಸಳೆ ಎತ್ತಿಕೊಂಡ.

ಟಿಲ್ಡಾ ನನ್ನನ್ನು ನೋಡಿದಳು. ನಾನು ಸೂಟ್‌ಕೇಸಾಗಿಯೇ ಇದ್ದೆ. ಅವಳೇ ಹೇಳಿದಳು: "ಅದು ನಿನ್ನ ಸ್ಕೀ. ಅಮ್ಮ ಮಾರಿದ್ದು. ಸೌಟು ಹ್ಯಾಮ್‌ಸ್ಟರ್. ಸತ್ತಿದ್ದು. ಹೇಳ್ಬೇಡ ಹೇಳ್ಬೇಡ ಅಂತ ಎಲ್ಲಾ ತುಂಬಿ ತುಂಬಿ ಸೂಟ್‌ಕೇಸಿಗೆ ಹೊಟ್ಟೆನೋವು."

"ನನ್ನ ಸ್ಕೀ ಮಾರಿದ್ಯಾ?"

"ಹ್ಯಾಮ್‌ಸ್ಟರ್ ಸತ್ತೋಯ್ತಾ? ಅದರ ಹುಟ್ಟುಹಬ್ಬಕ್ಕೆ ಕ್ಯಾರೆಟ್ ಕಳಿಸಿದ್ನಲ್ಲೋ!"

"ಹೊಸದಾಗಿ ತಂದದ್ದು ತಿಂತು ಬಿಡು!"

ಅವರು ಗಟ್ಟಿಯಾಗಿ ಜಗಳವಾಡಿದ್ದನ್ನು ನಾನು ಕಂಡದ್ದು ಅದೇ ಮೊದಲು. ಅಷ್ಟರಲ್ಲಿ ಅನೆಲಿಯ ಕಣ್ಣು ಮಗಳ ಹೊಟ್ಟೆಯ ಮೇಲಿದ್ದ ಪುಟ್ಟ ಕೈಗಳ ಮೇಲೆ ಬಿತ್ತು. ಅವಳು ಮಗಳೆದುರು ನೆಲದ ಮೇಲೇ ಕೂತಳು. "ಇನ್ಮೇಲೆ ಯಾವತ್ತೂ ಹೇಳ್ಬೇಡ ಅನ್ನಲ್ಲ ಪುಟ್ಟಿ."

"ನಾನೂ ಅನ್ನಲ್ಲ," ಎಂದ ಯೋರ್ಗನ್, ಮೊಸಳೆಯನ್ನು ಎದೆಗವಚಿಕೊಂಡು. "ಸ್ಕೀ ವಿಷಯ ನಾವಿಬ್ರು ನೋಡ್ಕೋತೀವಿ. ಅದು ನಿನ್ನ ಕೆಲಸ ಅಲ್ಲ."

ಟಿಲ್ಡಾ ಸ್ವೆಟರಿನೊಳಗೆ ಕೈಹಾಕಿ, ಸಿಕ್ಕಿಕೊಂಡಿದ್ದ ಡೈನೋಸಾರನ್ನೂ ಎಳೆದು ತೆಗೆದಳು. ಆಮೇಲೆ ಡಾಕ್ಟರಂತೆ ನನ್ನ ಹೊಟ್ಟೆ ಒತ್ತಿದಳು.

"ನೋಯುತ್ತಾ? ಈಗ ಮಾತಾಡ್ಬಹುದು."

"ಇಲ್ಲ," ಎಂದೆ.

"ನಂಗೂ ಇಲ್ಲ," ಎಂದವಳೇ, ಮೇಜಿನ ಮೇಲಿದ್ದ ನನ್ನ ದಾಲ್ಚಿನ್ನಿ ಬನ್ನನ್ನು ಯಾರನ್ನೂ ಕೇಳದೆ ಪೂರ್ತಿ ತಿಂದುಬಿಟ್ಟಳು.