ಕೂಲಿ ಅಂತ ಬರೆದದ್ದು ನಾನು

ಜುಬೈದಾ ಊಟಕ್ಕೆ ಕೂತ್ರೆ ಮತ್ತಿ ಮೀನಿನ ಮುಳ್ಳನ್ನು ಬೆರಳಲ್ಲೇ ಹುಡುಕಿ ತೆಗಿಯುದು. ಬೆರಳಿಗೆ ಸಿಗದೇ ಇದ್ದದ್ದು ಗಂಟಲಿಗೆ ಸಿಕ್ತದೆ. ಎರಡು ಕಣ್ಣಿಗೂ ಪೊರೆ. ಕಾಸರಗೋಡಿನ ಉಪ್ಪಳದಲ್ಲಿ ನಲ್ವತ್ತು ವರ್ಷ ಬೀಡಿ ಕಟ್ಟಿದ ಹೆಂಗಸು. ಮೊನ್ನೆವರೆಗೆ ಮಗಳು ಸುಮಯ್ಯಾನ ಒಟ್ಟಿಗೆ ಇಲ್ಲಿ ತಿರುವನಂತಪುರದ ಉಳ್ಳೂರಲ್ಲಿ, ನಮ್ಮ ಬೀದಿಯದೇ ಒಂದು ಕೋಣೆಯಲ್ಲಿ ಇದ್ದದ್ದು. ಅಡಿಗೆ, ನಿದ್ರೆ, ಬಟ್ಟೆ ಒಣಗಿಸುದು ಎಲ್ಲ ಅದರೊಳಗೇ.

ಕೊಚ್ಚಿಯವ್ರೇ, ಕೇಳ್ತಾ ಇದ್ದೀರಾ? ನಮ್ಮ ವಾಟ್ಸಾಪ್ ಗ್ರೂಪಲ್ಲಿ ಈ ಜನಾರ್ದನ ಬಾಯಿ ತೆಗೆದ್ರೆ ಮುಚ್ಚುದಿಲ್ಲ ಅಂತ ವಿಲ್ಸನ್‌ಗೆ ಸಿಟ್ಟು. ಬರ್ಲಿ ಸಿಟ್ಟು. ಇವತ್ತು ಪೂರ್ತಿ ಹೇಳಿಯೇ ಬಿಡುದು.

ಸುಮಯ್ಯಾ ಒಂದು ಬಿಲ್ಲಿಂಗ್ ಕಂಪನಿಯಲ್ಲಿ ಇದ್ದದ್ದು. ಹೆಡ್ಡಾಫೀಸು ನಿಮ್ಮ ಕೊಚ್ಚಿಯ ಪಾಲಾರಿವಟ್ಟಂನಲ್ಲೇ. ಒಂದು ಸೋಮವಾರ ಬೆಳಿಗ್ಗೆ ಇಲ್ಲಿಯ ಆಫೀಸಲ್ಲಿ ಕಾರ್ಡು ತಾಗಿಸಿದ್ರೆ ಗೇಟು ತೆರೀಲಿಲ್ಲ. ನೂರೆಂಬತ್ತು ಜನ ಹೊರಗೆ. ಕೆಲಸ ಹೋದವ್ರಿಗೆ ವಿಮೆ ಆಫೀಸಿಂದ ಮೂರು ತಿಂಗಳು ಅರ್ಧ ಸಂಬಳ ಭತ್ಯೆ ಉಂಟಲ್ಲ, ಅದು ಸಿಕ್ತು. ಅದೇ ವಿಮೆ ಕಾರ್ಡಲ್ಲಿ ಉಮ್ಮನ, ಅಂದ್ರೆ ತಾಯಿ ಜುಬೈದಾನ, ಕಣ್ಣಿನ ಆಪರೇಷನ್‌ಗೂ ದಿನ ಕೊಟ್ರು. ಹದಿನಾಲ್ಕನೇ ತಾರೀಕು.

ಅಷ್ಟೊತ್ತಿಗೆ ನನ್ನ ಹೆಂಡತಿ ಕುಸುಮಾವತಿ ಬಚ್ಚಲಲ್ಲಿ ಜಾರಿ ಸೊಂಟ ಮುರ್ಕೊಂಡ್ಳು. ಇಲ್ಲಿ ಆಸ್ಪತ್ರೆಯಲ್ಲಿ ರೋಗಿಯ ಹತ್ರ ಕೂರ್ಲಿಕ್ಕೆ ಒಬ್ಬರು ಬೇಕೇ ಬೇಕು. ಬೈಸ್ಟ್ಯಾಂಡರ್ ಅಂತ ಹೇಳುದು. ಹೆಂಗಸರ ವಾರ್ಡು, ನನ್ನನ್ನು ಬಿಡುದಿಲ್ಲ. ನಮಗೆ ಮಕ್ಕಳಿಲ್ಲ. ಸುಮಯ್ಯಾ ಬಂದ್ಳು. ಹನ್ನೊಂದು ದಿನ ಮಂಚದಡಿ ಚಾಪೆ ಹಾಕಿ ಮಲಗಿದ್ಳು. ಬೆಡ್‌ಪ್ಯಾನ್ ಎತ್ತಿದ್ಳು. ಕುಸುಮಾ ನೋವಲ್ಲಿ ಬೈದದ್ದನ್ನೆಲ್ಲ ಕೇಳಿಸ್ಕೊಂಡ್ಳು. ಅವಳ ಉಮ್ಮನಿಗೆ ಪಕ್ಕದ ಮನೆಯವ್ರು ಗಂಜಿ ಕೊಟ್ರು.

ದಿನಕ್ಕೆ ಐನೂರು ರೂಪಾಯಿ ಅಂತ ಮಾತು. "ಸರ್, ಕೈಯಲ್ಲೇ ಕೊಡಿ" ಅಂದ್ಳು. ನಾನು ಕೊಡ್ತೇನಾ? ಬ್ಯಾಂಕಲ್ಲಿ ಮೂವತ್ತಾರು ವರ್ಷ ಸವೆಸಿದವ! ದಿನಾ ಸಂಜೆ ಫೋನಲ್ಲಿ ಕಳಿಸುದು, ಎಂತಕ್ಕೆ ಅಂತ ಕೇಳುವ ಜಾಗದಲ್ಲಿ ಇಂಗ್ಲಿಷಲ್ಲಿ 'ಕೂಲಿ' ಅಂತ ಬರೆಯುದು. ಆ ಜಾಗ ಖಾಲಿ ಬಿಟ್ರೆ ನನಗೆ ಉಂಡದ್ದು ಕರಗುದಿಲ್ಲ. ಹನ್ನೊಂದು ಸಲ ಬರೆದೆ.

ಅದೇ ವಾರ ಟೀವಿಯಲ್ಲಿ ದೊಡ್ಡ ಗಲಾಟೆ. ಗಳಿಕೆ ಮುಚ್ಚಿಟ್ಟು ಭತ್ಯೆ ತಿಂದವ್ರಿಗೆ ದಂಡ ಎಷ್ಟು? ಒಂದು ಪಕ್ಷದವ್ರು ಐದು ಪಟ್ಟು ಅಂದ್ರು. ಇನ್ನೊಂದು ಪಕ್ಷದವ್ರು ಹತ್ತು ಪಟ್ಟು, ಮೇಲಿಂದ ಜೈಲು ಅಂದ್ರು. ನಾನು ಚಾಯದ ಅಂಗಡಿಯಲ್ಲಿ ಮೇಜು ಕುಟ್ಟಿ ಹೇಳಿದೆ, "ಹತ್ತೇ ಸರಿ! ಕಳ್ಳರಿಗೆ ದಯೆ ಎಂತಕ್ಕೆ?"

ವಿನ್ಸೆಂಟ್ ಇದ್ದ ಅಲ್ಲಿ, ರಿಟೈರ್ಡ್ ಅಂಚೆಯವ. "ನಿನ್ನ ಪೆನ್ಶನ್ನಿಗೆ ಯಾರೂ ಕೈ ಹಾಕುದಿಲ್ಲ, ಅದಕ್ಕೆ ಬಾಯಿ ದೊಡ್ಡದು ನಿಂದು."

"ನಾನು ಸುಳ್ಳು ಲೆಕ್ಕ ಕೊಡ್ಲಿಲ್ಲ ಮಾರಾಯ."

"ನಿನಗೆ ಕೊಡುವ ಗತಿ ಬರ್ಲಿಲ್ಲ. ಚಾಯ ಕುಡಿ, ತಣಿತದೆ."

ನಾಲ್ಕು ದಿನ ಕಳೀತು. ಸುಮಯ್ಯಾ ವಿಮೆ ಆಫೀಸಿನ ಒಂದು ಕಾಗದ ಹಿಡ್ಕೊಂಡು ಬಂದ್ಳು. ಭತ್ಯೆಗೆ ಕೊಟ್ಟ ಪಾಸ್‌ಬುಕ್ ಪ್ರತಿಯಲ್ಲಿ 'ಕೂಲಿ' ಅಂತ ಹನ್ನೊಂದು ಸಲ ಉಂಟು, ಕೆಲಸ ಮುಚ್ಚಿಟ್ಟಿದ್ದೀರಿ, ಭತ್ಯೆ ಪೂರ್ತಿ ವಾಪಸ್ ಕಟ್ಟಿ, ಕಾರ್ಡು ಎರಡು ವರ್ಷ ಬಂದ್. ಹಾಗೆ ಬರೆದಿತ್ತು.

"ನಾನು ಮುಚ್ಚಿಡ್ಲಿಲ್ಲ ಸರ್. ಕೌಂಟರಲ್ಲಿ ಕೇಳಿದೆ. ಆಸ್ಪತ್ರೆಯಲ್ಲಿ ಕೂರುದು ಒಂದು ಕೆಲಸವಾ, ಫಾರ್ಮಲ್ಲಿ 'ಕೆಲಸ ಇಲ್ಲ' ಅಂತ ಟಿಕ್ ಹಾಕಿ ಹೋಗಮ್ಮ ಅಂದ್ರು."

"ಹಾಗಂತ ಬರೆದು ಕೊಟ್ಟಿದ್ದಾರಾ?"

"ಬಾಯಲ್ಲಿ ಹೇಳಿದ್ರು."

ಕುಸುಮಾ ಮಂಚದಿಂದಲೇ ಕೇಳಿದ್ಳು, "ಆ 'ಕೂಲಿ' ಅಂತ ಬರೆದದ್ದು ಯಾರು?" ಅವಳಿಗೆ ಗೊತ್ತಿತ್ತು. ಆದ್ರೂ ಕೇಳಿದ್ಳು.

ವಿಮೆ ಆಫೀಸಿನ ವಿಚಾರಣೆಗೆ ನಾನು, ಸುಮಯ್ಯಾ, ಅವಳ ಉಮ್ಮ ಮೂವರೂ ಹೋದೆವು. ಉಮ್ಮ ಮಗಳ ಭುಜ ಹಿಡ್ಕೊಂಡು ಮೆಟ್ಟಿಲು ಲೆಕ್ಕ ಮಾಡ್ತಾ ಹತ್ತಿದ್ಳು. ಆಫೀಸರ್ ಒಳ್ಳೆ ಮನುಷ್ಯ, ಅದೇ ಕಷ್ಟ. ಕೂರ್ಲಿಕ್ಕೆ ಹೇಳಿದ, ನೀರು ತರಿಸಿದ.

ನಾನು ಹೇಳಿದೆ, "ಕೆಲಸ ಕೊಟ್ಟವ ನಾನು. ಕೂಲಿ ಅಂತ ಬರೆದದ್ದೂ ನಾನು. ನನಗೆ ದಂಡ ಹಾಕಿ."

"ಸಾರೇ, ಕೆಲಸ ಕೊಟ್ಟವ್ರಿಗೆ ಇದರಲ್ಲಿ ಸೆಕ್ಷನ್ ಇಲ್ಲ."

ಸುಮಯ್ಯಾ ಕೇಳಿದ್ಳು, "ನಮ್ಮ ಕಂಪನಿ ನಾಲ್ಕು ತಿಂಗಳು ನಮ್ಮ ಸಂಬಳದಿಂದ ವಿಮೆ ದುಡ್ಡು ಹಿಡಿದು ಇಲ್ಲಿಗೆ ಕಟ್ಲೇ ಇಲ್ಲ. ಅವ್ರಿಗೆ?"

"ಅವ್ರಿಗೆ ಕಂತಲ್ಲಿ ಕಟ್ಲಿಕ್ಕೆ ಬಿಟ್ಟಿದ್ದೇವೆ. ಹತ್ತು ಕಂತು."

"ನನಗೆ?"

ಆಫೀಸರ್ ಕನ್ನಡಕ ಒರೆಸಿದ. ಮತ್ತೆ ಒಂದು ಹಾಳೆ ಮುಂದೆ ಇಟ್ಟ. "ಒಂದು ದಾರಿ ಉಂಟು. ಇದು ಕೂಲಿ ಅಲ್ಲ, ನಿಮ್ಮ ಬಡತನ ನೋಡಿ ಈ ಸರ್ ದಯೆಯಿಂದ ಕೊಟ್ಟದ್ದು ಅಂತ ಇಬ್ಬರೂ ಸೈನ್ ಹಾಕಿ. ಫೈಲು ಮುಚ್ತೇನೆ. ಹದಿನಾಲ್ಕಕ್ಕೆ ಆಪರೇಷನ್ ಆಗ್ತದೆ."

ನಾನು ಪೆನ್ನು ತೆಗೆದೆ. ಸೈನ್ ಹಾಕಿದೆ ಕೂಡ. ಸುಳ್ಳಾದ್ರೆ ಎಂತ, ಕಣ್ಣು ಬರ್ತದಲ್ಲ! ಚಾಯದ ಅಂಗಡಿಯಲ್ಲಿ ಮೇಜು ಕುಟ್ಟಿದ್ದು ಇದೇ ಕೈ. ಸುಮಯ್ಯಾನೂ ಪೆನ್ನು ಹಿಡಿದ್ಳು.

"ಎಂತ ಬರೆದದ್ದು ಅದರಲ್ಲಿ? ನನಗೆ ಓದಿ ಹೇಳು" ಅಂದ್ಳು ಜುಬೈದಾ.

"ಬಿಡಿ ಉಮ್ಮ."

"ಓದು."

ಸುಮಯ್ಯಾ ಓದಿದ್ಳು. ಜುಬೈದಾ ಮೇಜಿನ ಮೇಲೆ ಕೈ ಆಡಿಸಿ ಆ ಹಾಳೆ ಹುಡುಕಿದ್ಳು.

"ನನ್ನ ಬೀಡಿಯನ್ನು ಅರ್ಧಕ್ಕರ್ಧ ಬಿಸಾಡಿ 'ಹಾಳು ಬೀಡಿ, ಪಾಪ ಅಂತ ಕೊಡ್ತೇನೆ' ಅನ್ನುವವ ಕಂಟ್ರಾಕ್ಟರ್. ಹಾಗೆ ಪಾಪ ಅಂತ ಕೊಟ್ಟ ದುಡ್ಡಿಗೆ ಬೀಡಿ ಕಟ್ಟಿಯೇ ಈ ಕಣ್ಣು ಹೋಯ್ತು. ನನ್ನ ಮಗಳು ಹನ್ನೊಂದು ದಿನ ಹೇಲು ಬಾಚಿದ್ದು ಯಾರ ದಯೆ? ಆ ದಯೆಯಲ್ಲಿ ಬರುವ ಕಣ್ಣು ನನಗೆ ಬೇಡ."

"ಉಮ್ಮ, ಹದಿನಾಲ್ಕು..."

"ಕಣ್ಣು ನಂದಲ್ವಾ?"

ಸುಮಯ್ಯಾ ಪೆನ್ನು ಕೆಳಗಿಟ್ಳು. "ಕೆಲಸ ಮಾಡಿದ್ದೇನೆ ಸರ್. ಕೂಲಿ ತೆಗೊಂಡಿದ್ದೇನೆ. ಹಾಗೇ ಬರೀರಿ." ನಾನು ನನ್ನ ಸೈನ್ ಹೊಡೆದು ಹಾಕಿದೆ. ಆಫೀಸರ್ ಹಾಗೇ ಬರೆದ. ಕಾರ್ಡು ಬಂದ್.

ಇವತ್ತು ಹದಿನಾಲ್ಕು. ಆಪರೇಷನ್ ಇಲ್ಲ. ಕೋಣೆಯ ಬಾಡಿಗೆಗೂ ದುಡ್ಡಿಲ್ಲ, ಇಬ್ಬರೂ ನಮ್ಮಲ್ಲೇ ಇದ್ದಾರೆ. ಖಾಸಗಿ ಆಸ್ಪತ್ರೆಗೆ ದುಡ್ಡು ನಾನೇ ಕೊಡ್ತೇನೆ ಅಂದೆ. "ಮೊದಲು ಕಾರ್ಡು ಕೊಡ್ಲಿ ಅವ್ರು" ಅಂದ್ಳು ಜುಬೈದಾ. ಈಗ ಒಳಗೆ ಕುಸುಮಾ ವಾಕರ್ ಬದಿಗಿಟ್ಟು ಅವಳಿಗೆ ಮತ್ತಿಯ ಮುಳ್ಳು ತೆಗ್ದು ಕೊಡ್ತಾ ಇದ್ದಾಳೆ. "ಇದಕ್ಕೆ ಕೂಲಿ ಎಷ್ಟು ಕುಸುಮಕ್ಕ?" ಅಂತ ಜುಬೈದಾ ಕೇಳ್ತಾಳೆ, ಕುಸುಮಾ ನಗ್ತಾಳೆ. ನನಗೆ ನಗು ಬರುದಿಲ್ಲ. ಟೀವಿಯಲ್ಲಿ ಇನ್ನೂ ಐದಾ ಹತ್ತಾ ಅಂತ ಕಿರುಚ್ತಾ ಇದ್ದಾರೆ. ಕಂಪನಿಯ ಸುದ್ದಿ ಯಾರೂ ತೆಗಿಯುದಿಲ್ಲ.

ನಾಳೆ ಬೆಳಿಗ್ಗೆಯ ಟ್ರೈನಲ್ಲಿ ನಾನು, ಸುಮಯ್ಯಾ, ವಿನ್ಸೆಂಟ್ ಕೊಚ್ಚಿಗೆ ಬರ್ತೇವೆ. ಆ ನೂರೆಂಬತ್ತರಲ್ಲಿ ಅರ್ವತ್ತು ಜನ ಬರ್ತೇವೆ ಅಂದಿದ್ದಾರೆ. ಪಾಲಾರಿವಟ್ಟಂ ಹೆಡ್ಡಾಫೀಸಿನ ಗೇಟಲ್ಲಿ ಹನ್ನೊಂದು ಗಂಟೆಗೆ ಧರಣಿ ಕೂರುದು. ನಿಮ್ಮ ಮನೆಯವ್ರ ಹತ್ರವೂ ಯಾರಾದ್ರೂ ಆಸ್ಪತ್ರೆಯಲ್ಲಿ ಕೂಲಿಗೆ ಕೂತದ್ದಿರ್ಬಹುದು, ಅವ್ರನ್ನೂ ಕರ್ಕೊಂಡು ಬನ್ನಿ. ವಿಲ್ಸನ್, ನೀನೂ ಬಾ. ಗ್ರೂಪಲ್ಲಿ ಹೆಬ್ಬೆರಳಿನ ಚಿತ್ರ ಒತ್ತಿ ಸುಮ್ಮನೆ ಕೂರ್ಬೇಡ.