ಕೂರುವ ಪಾಠ

"ಬೆನ್ನು ಮುರ್ದಿದೆ ಅಂತ ಅರ್ಜಿ ಹಾಕಿ, ನಾನು ಒಳಗೆ ಬರ್ತಿದ್ದ ಹಾಗೆ ಕಂಬದ ಥರ ಎದ್ದು ನಿಂತ್ಯಲ್ಲೋ, ಕಳ್ಳ ನನ್ಮಗನೆ. ಯಾರಿಗೋ ಟೋಪಿ ಹಾಕ್ತೀಯ?"

ಇಷ್ಟು ಬೈದು ವೈದ್ಯಾಧಿಕಾರಿ ಸಲ್ಯೂಟಣ್ಣನ ಕಡತದ ಮೇಲೆ 'ಆರೋಗ್ಯವಾಗಿದ್ದಾನೆ' ಎಂದು ಗೀಚಿದ. ಹೀಗೆ ಗೀಚಿದ್ದು ಎರಡನೆಯ ಸಲ. ಸಲ್ಯೂಟಣ್ಣನೋ, "ಥ್ಯಾಂಕ್ಯೂ ಸಾರ್" ಎಂದು ಇನ್ನೊಂದು ಸಲ್ಯೂಟ್ ಹೊಡೆದ. ನನಗೆ ಮೈಯೆಲ್ಲ ಉರಿದುಹೋಯಿತು.

ಆ ಪಿಂಚಣಿ ಕಚೇರಿಯ ಮೆಟ್ಟಿಲ ಮೇಲೆ ಕೂತು ಮಾಜಿ ಸೈನಿಕರಿಗೆ ಅಂಗವೈಕಲ್ಯ ಪಿಂಚಣಿಯ ಅರ್ಜಿ ಬರೆದುಕೊಡುವವಳು ನಾನು. ಗಂಡ ಸೈನ್ಯದಲ್ಲಿ ಸತ್ತ. ಅವನ ಪಿಂಚಣಿಗೆ ಒಂಬತ್ತು ವರ್ಷ ಅಲೆದು ಅಲೆದು ಅಲ್ಲಿನ ಕಾನೂನೆಲ್ಲ ಬಾಯಿಪಾಠವಾಯಿತು. ಕಾಲಿಲ್ಲದವರು, ಕಣ್ಣಿಲ್ಲದವರು ಬರುತ್ತಾರೆ. ಎಲ್ಲರದೂ ಒಂದೇ ರೋಗ. "ಹೇಗಿದ್ದೀಯಾ?" ಎಂದು ಸಾಹೇಬ ಕೇಳಿದರೆ ಸಾಕು, "ಫಸ್ಟ್ ಕ್ಲಾಸ್ ಸಾರ್" ಎನ್ನುತ್ತಾರೆ, ಮುಠ್ಠಾಳರು.

ಸಲ್ಯೂಟಣ್ಣನ ಬೆನ್ನು ಮುರಿದದ್ದು ಸೈನ್ಯದ ಲಾರಿ ಮಗುಚಿದಾಗ. ಈಗ ಬಟ್ಟೆ ಅಂಗಡಿಯ ಬಾಗಿಲಲ್ಲಿ ದಿನಕ್ಕೆ ಹನ್ನೆರಡು ಗಂಟೆ ನಿಂತು ಕಾರುಗಳಿಗೆ ಸಲ್ಯೂಟ್ ಹೊಡೆಯುತ್ತಾನೆ. ಕೂತರೆ ಕೆಲಸ ಹೋಗುತ್ತದೆ. ಪಿಂಚಣಿ ಬಂದರೆ ಮನೆಯಲ್ಲಿ ಕೂರಬಹುದು. ಇನ್ನೊಂದೇ ಮೇಲ್ಮನವಿ ಬಾಕಿ. ಅದೂ ಬಿದ್ದರೆ ಕತೆ ಮುಗಿಯಿತು.

ಅವನ ಹೆಂಡತಿಗೆ ಹೇಳಿದೆ: "ಅತ್ತಿಗೆ, ಅಣ್ಣಂಗೆ ಕೂರೋದು ಕಲಿಸ್ಬೇಕು."

ಅತ್ತಿಗೆ ಅವನ ಹಳೇ ಬೂಟು ಮೆಟ್ಟಿಕೊಂಡು ಅಡುಗೆಮನೆಯಿಂದ ಸಾಹೇಬನ ಥರ ಟಕಟಕ ಬರುವುದು. ಇವನು ಕೂತೇ ಇರುವುದು. ಪಾಠ ಇಷ್ಟೇ. ಬೂಟಿನ ಸದ್ದು ಕೇಳಿದ್ದೇ ತಡ, ಮಹಾಶಯ ಚಂಗನೆ ಎದ್ದ. ಎದ್ದ ಮೇಲೆ ನೋವಿಗೆ ಮುಖ ಹಿಂಡಿಕೊಂಡ.

"ಹೆಂಡ್ತಿಗ್ಯಾಕೆ ಏಳ್ತೀಯಾ ಅಣ್ಣ?"

"ನಾನಲ್ಲಮ್ಮ, ಕಾಲು ಏಳ್ತವೆ."

"ಇಷ್ಟು ವರ್ಷದಲ್ಲಿ ಒಂದಿನಾನೂ ನಂಗೆ ಮರ್ಯಾದೆ ಕೊಟ್ಟಿರ್ಲಿಲ್ಲ. ಈ ಬೂಟು ಮೊದ್ಲೇ ಹಾಕ್ಬೇಕಿತ್ತು," ಎಂದಳು ಅತ್ತಿಗೆ.

ಹಗ್ಗ ತಂದು ಅವನನ್ನು ಕುರ್ಚಿಗೆ ಬಿಗಿದೆವು. ಕುರ್ಚಿ ಸಮೇತ ಎದ್ದ. ನಕ್ಕು ನಕ್ಕು ನಮಗೆ ಹೊಟ್ಟೆ ಹುಣ್ಣಾಯಿತು. ಅವನೂ ನಕ್ಕ, ನಗುತ್ತ ನಗುತ್ತಲೇ ಅತ್ತುಬಿಟ್ಟ. ಹಗ್ಗ ಬಿಚ್ಚುವಾಗ ನನಗೆ ಸಂಕಟವಾಯಿತು. ಹದಿನೇಳನೆಯ ದಿನ ಬೂಟು ಬಂತು, ಹೋಯಿತು. ಅಣ್ಣ ಕೂತೇ ಇದ್ದ.

ಮೇಲ್ಮನವಿಯ ದಿನ ಕೋಣೆಯ ತುಂಬ ಮಾಜಿ ಸೈನಿಕರು. ಅದೇ ವೈದ್ಯಾಧಿಕಾರಿ ಸಾಹೇಬ ಬಂದ. ಇಪ್ಪತ್ತು ಜನ ದಡಬಡ ಎದ್ದರು, ಊರುಗೋಲುಗಳು ಉರುಳಿದವು. ಅಣ್ಣ ಮಾತ್ರ ಕುರ್ಚಿಯನ್ನು ಗಟ್ಟಿಯಾಗಿ ಹಿಡಿದುಕೊಂಡು, ಬೆವರುತ್ತ ಕೂತಿದ್ದ.

"ಏನೋ, ಕೊಬ್ಬಾ? ಎದ್ದು ನಿಲ್ಲೋಕೇನು ಧಾಡಿ?"

"ಬೆನ್ನು ನೋವು ಸಾರ್."

"ಹೋದ ಸಲ ನೆಟ್ಟಗೆ ನಿಂತಿದ್ದೆ."

"ಅವತ್ತೂ ನೋವಿತ್ತು ಸಾರ್. ನಿಮಗೆ ಮರ್ಯಾದೆ ಕೊಟ್ಟೆ."

"ಈಗ್ಲೂ ಕೊಡು. ಏಳು. ಇಲ್ದಿದ್ರೆ ದುರ್ವರ್ತನೆ ಅಂತ ಬರೆದು ಕಡತ ಮುಚ್ತೀನಿ."

ಎದ್ದರೆ ಆರೋಗ್ಯವಂತ, ಕೂತರೆ ಪುಂಡ. ಇದಕ್ಕೆ ನಾನು ಪಾಠ ಮಾಡಿರಲಿಲ್ಲ.

ಅಣ್ಣ ಮೆಲ್ಲಗೆ ಹೇಳಿದ: "ಬರ್ಕೊಳ್ಳಿ ಸಾರ್. ನಾನು ಏಳಲ್ಲ."

ಒಂಟಿಕಾಲಿನ ಡ್ರೈವರ್ ಮೊದಲು ಕೂತ. "ನಂಗೂ ಹಾಗೇ ಬರ್ಕೊಳ್ಳಿ." ಆಮೇಲೆ ಒಬ್ಬೊಬ್ಬರಾಗಿ ಎಲ್ಲರೂ ಕೂತರು, ಕುರ್ಚಿ ಸಿಗದವರು ನೆಲದ ಮೇಲೆ. ಕಣ್ಣಿಲ್ಲದ ಅಡುಗೆಯವನು ತಡಕಾಡಿ ತಡಕಾಡಿ ಸಾಹೇಬನ ಕುರ್ಚಿಯಲ್ಲೇ ಕೂತುಬಿಟ್ಟ. "ಆಹಾ, ಇದು ಮೆತ್ತಗಿದೆ ಕಣ್ರಯ್ಯ," ಎಂದು ಕಾಲ ಮೇಲೆ ಕಾಲು ಹಾಕಿದ.

"ಎಲ್ರೂ ಏಳಿ," ಎಂದು ಸಾಹೇಬ ಅರಚಿದ. ಯಾರೂ ಅಲುಗಲಿಲ್ಲ. ಕಡತ ಎತ್ತಿಕೊಂಡು ಬಾಗಿಲ ಕಡೆ ತಿರುಗಿದ.

ಬಾಗಿಲ ಬಳಿಯೇ ನಿಂತಿದ್ದ ನಾನು ಬಾಗಿಲು ಹಾಕಿ, ಅದಕ್ಕೆ ಬೆನ್ನು ಕೊಟ್ಟು, ನೆಲದ ಮೇಲೆ ಕೂತೆ.

"ಅಣ್ಣನ ಬೆನ್ನು ನೋಡಿ, ಬರೆಯೋದು ಬರೆದು ಹೋಗಿ ಸಾರ್," ಎಂದೆ. "ಅಲ್ಲಿವರೆಗೂ ನಿಂತಿರಿ."