ಕೆಟ್ಟ ದಿನದ ಮಾತು

ಮಗಳಿಗೆ ಶಾಲೆಯಲ್ಲಿ ಎಷ್ಟು ನೆರವು ಬೇಕೆಂದು ಗೊತ್ತುಮಾಡುವ ಹೋದ ವರ್ಷದ ಸಭೆಯಲ್ಲಿ ಎಲ್ಲ ಕೆಡಿಸಿದ್ದು ಅಪ್ಪ. ಬಸ್ಸು ಓಡಿಸುವ ಮನುಷ್ಯ, ಸಭೆ ಗಿಭೆ ಕಂಡವನಲ್ಲ. ವಿಶೇಷ ಶಿಕ್ಷಣದ ಅಧಿಕಾರಿ, ಮಗಳು ಹೇಗಿದ್ದಾಳೆ ಎಂದು ಕೇಳಿದ್ದೇ ತಡ, ನೆಂಟರೆದುರು ಹೇಳುವ ಹಾಗೆ ಅವಳನ್ನು ಹೊಗಳಿ ಅಟ್ಟಕ್ಕೇರಿಸಿಬಿಟ್ಟ. ತಟ್ಟೆ ತೊಳೀತಾಳೆ, ಒಬ್ಬಳೇ ಮೆಟ್ಟಿಲು ಇಳೀತಾಳೆ, ಹೇಳಿದ್ದೆಲ್ಲ ಅರ್ಥ ಆಗುತ್ತೆ. ಅಧಿಕಾರಿಗೆ ಬಹಳ ಸಂತೋಷವಾಯಿತು. ಆ ಸಂತೋಷದಲ್ಲೇ, ತರಗತಿಯಲ್ಲಿ ಮಗುವಿನ ಪಕ್ಕ ಕೂರುತ್ತಿದ್ದ ಸಹಾಯಕಿಯನ್ನು ಅರ್ಧ ದಿನಕ್ಕೆ ಇಳಿಸಿದರು. ಸಹಾಯಕಿ ಇಲ್ಲದ ಒಂದು ಮಧ್ಯಾಹ್ನ ಬುಗುರಿ ಶಾಲೆಯ ಗೇಟು ದಾಟಿ ನಡುರಸ್ತೆಯಲ್ಲಿ ನಿಂತಿದ್ದಳು. ಬುಗುರಿ ಅನ್ನುವುದು ಮಗಳಿಗೆ ಅಪ್ಪನಿಟ್ಟ ಹೆಸರು. ಖುಷಿಯಾದರೆ ಅವಳು ನಿಂತಲ್ಲೇ ಗರಗರ ತಿರುಗುತ್ತಾಳೆ. ಲಾರಿಯವನು ಬ್ರೇಕು ಹಾಕಿದ, ಮಗು ಉಳಿಯಿತು. ಅಮ್ಮನೊಳಗೆ ಏನೋ ಒಂದು ಆವತ್ತು ನಿಂತುಹೋದದ್ದು ಮತ್ತೆ ಶುರುವಾಗಲಿಲ್ಲ.

ಹಾಗಾಗಿ ಈ ಸಲ ಬುಗುರಿಯ ಶಿಕ್ಷಕಿ ಸಭೆಗೆ ಮೊದಲೇ ಅಮ್ಮನನ್ನು ಕರೆಸಿದಳು. ಶಾಲೆ ಬಿಟ್ಟ ಮೇಲೆ ಮಕ್ಕಳ ಪುಟ್ಟ ಕುರ್ಚಿಗಳಲ್ಲಿ ಇಬ್ಬರೂ ಮಂಡಿ ಎತ್ತಿಕೊಂಡು ಕೂತರು.

"ಒಳ್ಳೇ ದಿನದ ಮಾತು ಎತ್ತಲೇಬೇಡಿ. ಕೆಟ್ಟ ದಿನ ಹೇಗಿರುತ್ತೋ ಅದನ್ನಷ್ಟೇ ಹೇಳಿ. ಪರವಾಗಿಲ್ಲ ಅಂತ ಬಾಯಿಂದ ಬಂತೋ, ಕೆಲಸ ಕೆಟ್ಟಿತು. ಎಲ್ಲಿ, ನಾನೇ ಅಧಿಕಾರಿ ಅಂದ್ಕೊಳ್ಳಿ. ಊಟ?"

"ಮಾಡ್ತಾಳೆ, ಸ್ವಲ್ಪ ಚೆಲ್ಲುತ್ತೆ..."

"ತಪ್ಪು."

"ಚೆಲ್ತಾಳೆ. ತಟ್ಟೆ ಎಸೀತಾಳೆ."

"ಹಾಂ, ಹಾಗೆ."

ಮೊದಲ ದಿನ ಅಮ್ಮ ಪ್ರತಿ ಉತ್ತರಕ್ಕೂ ಒಂದು 'ಸ್ವಲ್ಪ' ಸೇರಿಸುತ್ತಿದ್ದಳು. ಆಮೇಲೆ ಸಲೀಸಾಯಿತು. ತಾನು ಕೆಲಸ ಮಾಡುವ ಔಷಧಿ ಅಂಗಡಿಯ ಕೌಂಟರಿನಲ್ಲಿ ದಿನವಿಡೀ ಊಟಕ್ಕೆ ಮುಂಚೆ ಒಂದು, ಆಮೇಲೆ ಒಂದು ಎನ್ನುವ ದನಿಯಲ್ಲೇ ಹೇಳತೊಡಗಿದಳು. ಕಚ್ಚುತ್ತಾಳೆ, ಓಡುತ್ತಾಳೆ, ಬಟ್ಟೆ ಒದ್ದೆಯಾದರೂ ಹೇಳುವುದಿಲ್ಲ. ಕೇಳುತ್ತಿದ್ದ ಶಿಕ್ಷಕಿಗೇ ಒಮ್ಮೆ ಕಣ್ಣು ತುಂಬಿ ಬಂತು. ಅಮ್ಮನಿಗೆ ಏನೂ ಅನ್ನಿಸಲಿಲ್ಲ. ಏನೂ ಅನ್ನಿಸುತ್ತಿಲ್ಲವಲ್ಲ ಎಂಬ ಗಾಬರಿಯೂ ಆಗಲಿಲ್ಲ.

ಅಪ್ಪನ ಬಾಯಿಗೆ ಮನೆಯಲ್ಲೇ ಬೀಗ ಬಿತ್ತು. "ನೀವು ಸುಮ್ನೆ ಕೂತಿರಿ. ಏನಾದ್ರೂ ಕೇಳಿದ್ರೆ ನನ್ನ ಕಡೆ ನೋಡಿ."

"ಅಷ್ಟಕ್ಕೆ ನಾನ್ಯಾಕೆ? ನನ್ನ ಫೋಟೋ ತಗೊಂಡು ಹೋಗು."

ಸಭೆ ನಡೆದದ್ದು ಶಾಲೆಯ ಮಹಡಿಯ ಕೋಣೆಯಲ್ಲಿ. ಅಧಿಕಾರಿ ಕೇಳಿದರು, ಅಮ್ಮ ಎಲ್ಲೂ ತಡವರಿಸದೆ ಹೇಳಿದಳು. ಅಪ್ಪ ತನ್ನ ಉಗುರು ನೋಡಿಕೊಳ್ಳುತ್ತ ಕೂತಿದ್ದ. ಕೊನೆಗೆ ಅಧಿಕಾರಿ, "ಮಗುವಿನಲ್ಲಿ ನಿಮಗೆ ಇಷ್ಟ ಆಗೋದು ಏನಾದ್ರೂ ಹೇಳಿ" ಎಂದರು.

ಇದನ್ನು ಯಾರೂ ಅಭ್ಯಾಸ ಮಾಡಿರಲಿಲ್ಲ. ಶಿಕ್ಷಕಿ ಮೇಜು ನೋಡಿದಳು. ಅಪ್ಪನ ಮುಖ ಅರಳಿತು, ಅಮ್ಮ ಮೇಜಿನಡಿ ಅವನ ಕಾಲು ತುಳಿದಳು. ಅವಳಿಗೂ ಒಂದೆರಡು ಹೊಳೆಯಿತು. ಹೇಳಿದರೆ ಇದಕ್ಕೆ ಸಹಾಯಕಿಯ ಎಷ್ಟು ಗಂಟೆ ಕಡಿಯುತ್ತಾರೋ ಎಂಬ ಯೋಚನೆ ಅದರ ಬೆನ್ನಿಗೇ ಬಂತು.

"ಅಂಥದ್ದೇನಿಲ್ಲ" ಎಂದಳು.

"ಇರಲಿ. ಇಡೀ ದಿನ ಸಹಾಯಕಿ ಕೊಡೋಣ. ಹೋಗ್ತಾ ಮಗುವನ್ನೊಮ್ಮೆ ನೋಡ್ತೀನಿ, ಆಮೇಲೆ ರುಜು ಹಾಕ್ತೀನಿ."

ಅಪ್ಪ, ಅಮ್ಮ ಮೊದಲು ಕೆಳಗಿಳಿದರು. ತರಗತಿಯ ಬಾಗಿಲ ಬಳಿ ಸಹಾಯಕಿ ಕುಣಿಯುವುದೊಂದು ಬಾಕಿ. "ನೋಡಿ ನೋಡಿ! ಸ್ವೆಟರಿನ ಗುಂಡಿ ಅಷ್ಟೂ ಒಬ್ಬಳೇ ಹಾಕ್ಕೊಂಡ್ಲು. ನಾನು ಮುಟ್ಟೇ ಇಲ್ಲ, ನಿಮ್ಮಾಣೆ!"

ನಿಜ. ಕತ್ತಿನವರೆಗೂ ಒಂದೂ ತಪ್ಪಿರಲಿಲ್ಲ. ಎಷ್ಟೋ ವರ್ಷದಿಂದ ಅಮ್ಮ ಕಾದಿದ್ದ ದಿನ ಇದು. ಹಿಂದೆ ಮೆಟ್ಟಿಲ ಮೇಲೆ ಅಧಿಕಾರಿಯ ಚಪ್ಪಲಿ ಸದ್ದು ಕೇಳಿಸಿತು.

ಅಮ್ಮ ಮಗಳೆದುರು ಕುಕ್ಕರಗಾಲಲ್ಲಿ ಕೂತು, ಮೇಲಿನಿಂದ ಒಂದೊಂದೇ ಗುಂಡಿ ಬಿಚ್ಚತೊಡಗಿದಳು. "ಏನೇ ಇದು" ಎಂದ ಅಪ್ಪ, ಸದ್ದು ಹತ್ತಿರ ಬಂದಂತೆ ಮತ್ತೆ ತನ್ನ ಉಗುರು ನೋಡಿಕೊಳ್ಳತೊಡಗಿದ. ಸಹಾಯಕಿಯೂ ಬಾಯಿ ಮುಚ್ಚಿಕೊಂಡಳು. ಎಲ್ಲ ಬಿಚ್ಚಿ ಮುಗಿದಾಗ, ತಪ್ಪಾಗಿ ಹಾಕಿದೆನೆಂದು ತಿಳಿದಳೋ ಏನೋ, ಬುಗುರಿ ಅಮ್ಮನ ಮುಖ ನೋಡಿ, ತಲೆ ತಗ್ಗಿಸಿ, ಕೆಳಗಿನ ಗುಂಡಿಯಿಂದ ಮತ್ತೆ ಶುರು ಮಾಡಿದಳು. ಅಮ್ಮ ಆ ಎರಡೂ ಕೈಗಳನ್ನು ಗಟ್ಟಿಯಾಗಿ ಹಿಡಿದುಕೊಂಡಳು. ಅಧಿಕಾರಿ ಬಂದು, ನೋಡಿ, ಹೊರಟುಹೋಗುವವರೆಗೂ ಬಿಡಲಿಲ್ಲ.